ಸಲಮಾಂಕಾದ ಜೆರಾಕ್ಸ್ ಅಂಗಡಿಯ ಆ ತಾಯಿಗೆ

1218ರಲ್ಲಿ ಸ್ಥಾಪನೆಯಾದ ಸಲಮಾಂಕಾ ವಿಶ್ವವಿದ್ಯಾಲಯಕ್ಕೆ ಓದಲು ಬಂದ ನಾನು, ಸ್ಪೇನ್ ತಲುಪಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬೇಕಿತ್ತು. 790 ಸಂಖ್ಯೆಯ ನಮೂನೆ ತುಂಬಿ ಶುಲ್ಕವನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿರಬೇಕೆಂಬುದು ಬೆರಳಚ್ಚು ಕೊಡುವ ದಿನ, ಕಚೇರಿಯ ಬಾಗಿಲಲ್ಲಿ ನಿಂತಾಗಲೇ ತಿಳಿದು ಕೈಕಾಲು ಆಡದಾಯಿತು. ಉಳಿದಿದ್ದದ್ದು ಒಂದೇ ಗಂಟೆ.

ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿದ್ದ ಹಿರಿಯ ಮಹಿಳೆ ನನ್ನ ಅರೆಬರೆ ಸ್ಪ್ಯಾನಿಷ್ ಮಾತನ್ನು ತಾಳ್ಮೆಯಿಂದ ಕೇಳಿ, ಪಾಸ್‌ಪೋರ್ಟಿನ ಮೇಲೆ ಬೆರಳಿಟ್ಟು ನನ್ನ ಹೆಸರು ಯಾವುದು, ಮನೆತನದ್ದು ಯಾವುದು ಎಂದು ವಿಚಾರಿಸುತ್ತಾ (ಅಲ್ಲಿನವರಿಗೆ ಎರಡೆರಡು ಮನೆತನದ ಹೆಸರುಗಳಿರುತ್ತವೆ) ನಮೂನೆ ತುಂಬಿಸಿ, ಅಂಗಡಿಯ ಬಾಗಿಲೆಳೆದು ಬ್ಯಾಂಕಿನವರೆಗೂ ಜೊತೆಗೆ ಬಂದರು. ಮುದ್ರೆ ಬಿದ್ದ ರಸೀದಿಯನ್ನು ಮಡಿಸದೆ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಅವರು ನನ್ನ ಕೈಗಿತ್ತಾಗ, ಬೆಳಗಿನಿಂದ ಹಿಡಿದಿದ್ದ ಉಸಿರು ಸಡಿಲವಾಯಿತು. ಜೆರಾಕ್ಸಿನ ಹಣವನ್ನೂ ಅವರು ತೆಗೆದುಕೊಳ್ಳಲಿಲ್ಲ.

ಅವಸರದಲ್ಲಿ ಹೆಸರನ್ನೂ ಕೇಳಲಾಗದ ಆ ತಾಯಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.