ಪೌರತ್ವದ ಭಯದಲ್ಲಿ ಹಿಂಸೆ ಸಹಿಸುವುದು ಬೇಡ

ಮಾನ್ಯ ಸಂಪಾದಕರೇ,

ಮದುವೆಯಾಗಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳು ಪೌರತ್ವ ಕೈತಪ್ಪೀತು ಎಂಬ ಭಯಕ್ಕೆ ಗಂಡನ ಹಿಂಸೆಯನ್ನು ಸಹಿಸಿಕೊಂಡು ಇರುವಂತಾಗಬಾರದು. ಈ ಭಯಕ್ಕೆ ಅರ್ಧಂಬರ್ಧ ಮಾಹಿತಿಯೇ ಕಾರಣ.

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಅನುಮತಿ) ಪಡೆದವರು ಅಲ್ಲಿ ಸಾಮಾನ್ಯವಾಗಿ 5 ವರ್ಷದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಮೆರಿಕದ ಪೌರರನ್ನು ಮದುವೆಯಾದವರಿಗೆ 3 ವರ್ಷ ಸಾಕು. ಆದರೆ ಆ 3 ವರ್ಷವೂ ಸಂಗಾತಿಯ ಜೊತೆಗೇ ಬಾಳಿರಬೇಕು. ಜನರಿಗೆ ಗೊತ್ತಿರುವುದು ಇಷ್ಟೇ. ‘ಇನ್ನೊಂದು ವರ್ಷ ಹೇಗೋ ಹೊಂದಿಕೊಂಡು ಹೋಗಮ್ಮ, ಸಿಟಿಜನ್‌ಶಿಪ್ ಬಂದ್ಮೇಲೆ ನೋಡೋಣ’ ಎಂದು ಹೆತ್ತವರೇ ಫೋನಿನಲ್ಲಿ ಹೇಳಿಬಿಡುತ್ತಾರೆ. ಆ ಕಡೆ ಇರುವ ಮಗಳಿಗೆ ಎಷ್ಟು ಸಂಕಟ, ಅಲ್ವಾ?

ನಿಜವಾಗಿ ಅಲ್ಲಿನ ಕಾನೂನು ಇಷ್ಟು ಕಠೋರವಾಗಿಲ್ಲ. ಪೌರರಾದ ಗಂಡನಿಂದ ಹಿಂಸೆಗೊಳಗಾದವರು ಅವನಿಗೆ ತಿಳಿಸದೆ, ಅವನ ಸಹಿ ಇಲ್ಲದೆ ಗ್ರೀನ್ ಕಾರ್ಡ್‌ಗಾಗಿ ತಾವೇ ಅರ್ಜಿ ಹಾಕಬಹುದು. 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ಕೊಟ್ಟ ಅವಕಾಶ ಇದು. ಗಂಡಸರೂ ಇದನ್ನು ಬಳಸಬಹುದು. ಹೀಗೆ ಕಾರ್ಡ್ ಪಡೆದವರು 3 ವರ್ಷಕ್ಕೇ ಪೌರತ್ವ ಕೇಳಬಹುದು, ಸಂಗಾತಿಯ ಜೊತೆಗೇ ಇರಬೇಕೆಂಬ ಷರತ್ತು ಅವರಿಗಿಲ್ಲ. ಇದು ಸಂತ್ರಸ್ತರಲ್ಲಿ ಎಷ್ಟು ಜನರಿಗೆ ಗೊತ್ತು?

ಅಮೆರಿಕದ ಕನ್ನಡ ಸಂಘಗಳು ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ತಮ್ಮ ಕಾರ್ಯಕ್ರಮಗಳಲ್ಲಿ ಹಂಚಬೇಕು. ಜೊತೆಗೆ ಉಚಿತ ಕಾನೂನು ನೆರವು ಸಿಗುವ ಜಾಗಗಳ ವಿವರವೂ ಇರಲಿ. ಇಲ್ಲಿನ ಹೆತ್ತವರು ಮಗಳನ್ನು ಕಳಿಸುವ ಮುನ್ನವೇ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರದ ಪ್ರತಿಗಳನ್ನು ತಮ್ಮ ಹತ್ತಿರವೂ ಇಟ್ಟುಕೊಳ್ಳಲಿ.