ಶಾಸಕರಿಗೊಂದು ಬಹಿರಂಗ ಪತ್ರ: ಕೈ ನಡುಗೋರ ಲೆಕ್ಕ ಮಂಡ್ಯ ಜಿಲ್ಲೇಲಿ ಯಾರ ಹತ್ರ ಇದೆ?

ಮಾನ್ಯ ಶಾಸಕರಿಗೆ ನಮಸ್ಕಾರ,

ಸಾರ್, ಎಲೆಕ್ಷನ್ ಟೈಮಲ್ಲಿ ನಮ್ಮೂರಿಗೆ ಬಂದಾಗ ಆಲೆಮನೆ ಹತ್ರ ನಿಂತ್ಕೊಂಡು ಬಿಸಿ ಬೆಲ್ಲ ತಿಂದ್ರಲ್ಲ, ಅದನ್ನ ಅಚ್ಚಿಗೆ ಹಾಕಿದ್ದು ನಮ್ಮಪ್ಪ. ಅವತ್ತೇ ಅವರ ಬಲಗೈ ಹೆಬ್ಬೆರಳು ಸುಮ್ನೆ ಕೂತಿದ್ದಾಗೆಲ್ಲ ಬೀಡಿ ಸುತ್ತಿದಂಗೆ ಆಡ್ತಿತ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಬಯೋಕೆಮಿಸ್ಟ್ರಿ ಓದಿರೋ ನಾನೂ ಕೆಡಿಸ್ಕೊಳ್ಳಲಿಲ್ಲ. ಆಮೇಲೆ ಬ್ಯಾಂಕಲ್ಲಿ ದುಡ್ಡು ಬಿಡಿಸೋಕೆ ಹೋದ್ರೆ ಸೈನ್ ಮ್ಯಾಚ್ ಆಗ್ತಿಲ್ಲ ಅಂತ ಮೂರು ಸಲ ವಾಪಸ್ ಕಳ್ಸಿದ್ರು. ಹಳೇ ಚೀಟಿ ಹೊಸ ಚೀಟಿ ಎರಡೂ ಪಕ್ಕಪಕ್ಕ ಇಟ್ಟು ನೋಡ್ದೆ, ಹೊಸದ್ರಲ್ಲಿ ಮೊದಲ ಅಕ್ಷರ ಕಡ್ಲೆಕಾಳಷ್ಟು, ಕೊನೇದು ಸಾಸಿವೆಯಷ್ಟು. ಬರೀತಾ ಬರೀತಾ ಅಕ್ಷರ ಕುಗ್ಗೋದು ಪಾರ್ಕಿನ್ಸನ್ ಅನ್ನೋ ಮಿದುಳಿನ ಕಾಯಿಲೆ ಲಕ್ಷಣ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಎರಡು ವರ್ಷ ಕಳೆದಿತ್ತು, ಅಲ್ಲೀವರೆಗೂ 'ವಯಸ್ಸಾಯ್ತಲ್ಲ, ನಿಶ್ಶಕ್ತಿ' ಅಂತ ವಿಟಮಿನ್ ಇಂಜೆಕ್ಷನ್ನೇ.

ಈಗ ಲೆವೊಡೋಪ ಮಾತ್ರೆ ನಡೀತಿದೆ. 1960ರ ದಶಕದಲ್ಲಿ ಬಂದ ಔಷಧಿ, ಇವತ್ತಿಗೂ ಅದೇ ಗತಿ. ಮಿದುಳಲ್ಲಿ ಕೈಕಾಲು ಹತೋಟಿಗೆ ಬೇಕಾದ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸೋ ಕೋಶಗಳು ಸಾಯ್ತಾ ಹೋಗ್ತವೆ, ಮಾತ್ರೆ ಹೊರಗಿಂದ ಆ ಕೊರತೆ ತುಂಬುತ್ತೆ ಅಷ್ಟೇ, ಕೋಶ ಸಾಯೋದನ್ನ ನಿಲ್ಸಲ್ಲ. ಕೆರೆ ಬತ್ತುತಿದ್ರೆ ಟ್ಯಾಂಕರ್ ತರಿಸ್ಕೊಂಡಂಗೆ. (ನಸುಗುನ್ನಿ ಬೀಜ ಕೊಡಿ ಅಂತ ಊರಲ್ಲಿ ದಿನಾ ಒಬ್ರು ಹೇಳ್ತಾರೆ. ಅದರಲ್ಲೂ ಲೆವೊಡೋಪ ಇರೋದು ನಿಜ, ಆದ್ರೆ ಯಾವ ಬೀಜದಲ್ಲಿ ಎಷ್ಟು ಅಂತ ಅಳೆಯೋರು ಯಾರು, ಮಾತ್ರೆ ಜೊತೆ ಸೇರಿ ಡೋಸ್ ಹೆಚ್ಚಾದ್ರೆ ಮೈಯೆಲ್ಲ ತಿರುಚಾಡುತ್ತೆ, ದಯವಿಟ್ಟು ಬೇಡ.)

ಕೆರೆ ಬತ್ತೋದನ್ನೇ ತಡೆಯೋಕೆ ಆಗುತ್ತಾ ಅಂತ ವಿಜ್ಞಾನಿಗಳು ಈಗ ಬೆನ್ನು ಹತ್ತಿರೋದು ಪ್ರೋಟೀನ್ ಕೈನೇಸ್‌ಗಳನ್ನ. ವಿಸಿ ನಾಲೆ ನೀರು ಕುಡ್ದು ಬೆಳೆದ ನಿಮಗೆ ಇದು ಬೇಗ ಅರ್ಥ ಆಗುತ್ತೆ ಸಾರ್. ಕೈನೇಸ್ ಅಂದ್ರೆ ಜೀವಕೋಶದ ನೀರುಗಂಟಿ, ತೂಬು ತೆಗೆದು ಮುಚ್ಚೋನು. ಎಟಿಪಿ ಅನ್ನೋ ಶಕ್ತಿಯ ಅಣುವಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತೆ, ಹಂಗೆ ಅಂಟಿಸಿದ್ರೆ ಕೆಲವು ತೂಬು ತೆರೀತವೆ, ಕೆಲವು ಮುಚ್ಕೋತವೆ. ನಮ್ಮ ಮೈಯಲ್ಲಿ ಇಂಥವು ಐನೂರಕ್ಕೂ ಹೆಚ್ಚಿವೆ. ಅದರಲ್ಲಿ ಎಲ್‌ಆರ್‌ಆರ್‌ಕೆ2 ಅಂತ ಒಂದು. ಅದರ ಜೀನ್ ಕೆಟ್ರೆ ಪಾರ್ಕಿನ್ಸನ್ ಬರಬಹುದು ಅಂತ 2004ರಲ್ಲಿ ಗೊತ್ತಾಯ್ತು. ಕೆಟ್ಟ ನೀರುಗಂಟಿ ತೂಬು ತೆಗೆದು ಮುಚ್ಚೋದೇ ಮರೀತಾನೆ, ಕೋಶದ ಒಳಗೆ ಸಾಮಾನು ಸಾಗಿಸೋ ರ‍್ಯಾಬ್ ಅನ್ನೋ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಮಿತಿಮೀರುತ್ತೆ, ಕಸ ವಿಲೇವಾರಿ ಹಾಳಾಗುತ್ತೆ. ಮರೆವಿನ ಕಾಯಿಲೆ ಆಲ್‌ಝೈಮರ್‌ನಲ್ಲೂ ಕಥೆ ಸುಮಾರು ಇಂಥದ್ದೇ, ಅಲ್ಲಿ ಜಿಎಸ್‌ಕೆ-3 ಥರದ ಕೈನೇಸ್‌ಗಳು ಟೌ ಅನ್ನೋ ಪ್ರೋಟೀನಿಗೆ ಫಾಸ್ಫೇಟ್ ಮೆತ್ತಿ ಮೆತ್ತಿ ಅದು ಸಿಕ್ಕು ಸಿಕ್ಕಾಗುತ್ತೆ.

ಕೈನೇಸ್ ತಡೆಯೋ ಔಷಧಿ ಹೊಸದೇನಲ್ಲ, ಬ್ಲಡ್ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಬಂದಿದ್ದು 2001ರಲ್ಲಿ. ಆದ್ರೆ ಮಿದುಳಿನ ವಿಷಯ ಬೇರೆ. ರಕ್ತದಿಂದ ಮಿದುಳಿಗೆ ಹೋಗೋ ದಾರೀಲಿ ಕಾವಲು ಬಿಗಿ, ಬಹಳಷ್ಟು ಔಷಧಿ ದಾಟೋದೇ ಇಲ್ಲ. ದಾಟಿದ್ರೂ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ, ನೀರುಗಂಟೀನ ಪೂರ್ತಿ ಮನೆಗೆ ಕಳಿಸಿದ್ರೆ ಬೇರೆ ಗದ್ದೆ ಒಣಗ್ತವಲ್ಲ, ಎಲ್‌ಆರ್‌ಆರ್‌ಕೆ2 ತಡೆದಾಗ ಕೋತಿಗಳ ಶ್ವಾಸಕೋಶದ ಕೋಶಗಳಲ್ಲಿ ಬದಲಾವಣೆ ಕಂಡಿತ್ತು, ಔಷಧಿ ನಿಲ್ಲಿಸಿದ ಮೇಲೆ ಸರಿಹೋಯ್ತು. ಜಿಎಸ್‌ಕೆ-3 ತಡೆಯೋ ಟಿಡೆಗ್ಲುಸಿಬ್ ಆಲ್‌ಝೈಮರ್ ರೋಗಿಗಳಲ್ಲಿ ಕೈ ಕೊಡ್ತು. ಎಲ್‌ಆರ್‌ಆರ್‌ಕೆ2 ತಡೆಯೋ ಬಿಐಐಬಿ122 ಅನ್ನೋ ಮಾತ್ರೆ ರೋಗಿಗಳ ಮೇಲೆ ಎರಡನೇ ಹಂತದ ಪ್ರಯೋಗದವರೆಗೂ ಹೋಗಿದೆ. ನಾಳೆನೇ ಅಪ್ಪ ಎದ್ದು ಕಬ್ಬು ಕಡೀತಾರೆ ಅನ್ನೋ ಭ್ರಮೆ ನಂಗಿಲ್ಲ.

ನನ್ನ ತಕರಾರು ಇಷ್ಟೇ. ಎಲ್‌ಆರ್‌ಆರ್‌ಕೆ2 ತಡೆಯೋ ಔಷಧಿ ಹುಟ್ಟಿದ್ದೇ ಕೆಟ್ಟ ಜೀನಿನ ಜಾಡು ಹಿಡಿದು. ಎಲ್‌ಆರ್‌ಆರ್‌ಕೆ2ನಲ್ಲಿ ಯಹೂದಿಗಳಲ್ಲಿ, ಉತ್ತರ ಆಫ್ರಿಕಾದವರಲ್ಲಿ ಜಾಸ್ತಿ ಸಿಗೋ ತಪ್ಪು ಭಾರತೀಯರಲ್ಲಿ ಅಪರೂಪ. ಹಂಗಾದ್ರೆ ನಮ್ಮೋರಲ್ಲಿ ಕೆಟ್ಟಿರೋದು ಯಾವ ತೂಬು? ಪ್ಯಾರಾಕ್ವಾಟ್ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿರಬಹುದು ಅಂತ ಹಲವು ಅಧ್ಯಯನ ಹೇಳಿವೆ, ಯುರೋಪಿಯನ್ ಒಕ್ಕೂಟದಲ್ಲಿ 2007ರಲ್ಲೇ ಅದು ನಿಂತೋಯ್ತು, ಇಲ್ಲಿ ಬೆನ್ನಿಗೆ ಕ್ಯಾನ್ ಕಟ್ಕೊಂಡು ಮೂಗಿಗೊಂದು ಟವೆಲ್ ಸುತ್ತಿ ಕಳೆನಾಶಕ ಹೊಡೆಯೋ ನಮ್ಮೋರಿಗೆ ಏನಾಗಿದೆ ಅಂತ ಬರೆದಿಟ್ಟಿರೋ ಪುಸ್ತಕ ಯಾವ ಆಸ್ಪತ್ರೇಲಿದೆ ತೋರಿಸಿ.

ಆಗದ ಕೆಲಸ ಕೇಳ್ತಿಲ್ಲ ಸಾರ್. ಕೋಲಾರದ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಮಿದುಳು ಸಂಶೋಧನಾ ಕೇಂದ್ರದೋರು 45 ದಾಟಿದ ಹಳ್ಳಿ ಜನರನ್ನ ವರ್ಷಾನುವರ್ಷ ಪರೀಕ್ಷೆ ಮಾಡ್ಕೊಂಡು ಬರ್ತಿದಾರೆ, ಹತ್ತು ಸಾವಿರ ಜನರ ಗುರಿ ಇಟ್ಕೊಂಡು. ಅದು ಮರೆವಿನ ಕಾಯಿಲೆಗೆ. ಕೋಲಾರದ ಹಳ್ಳೀಲಿ ಆಗೋದು ಮಂಡ್ಯದ ಹಳ್ಳೀಲಿ ಯಾಕಾಗಲ್ಲ? ಮೊದಲು ತಾಲೂಕು ಆಸ್ಪತ್ರೆಗೆ ತಿಂಗಳಿಗೊಂದು ದಿನ ನರರೋಗದ ಡಾಕ್ಟ್ರು ಬರಲಿ. ಆಶಾ ಕಾರ್ಯಕರ್ತೆಯರಿಗೆ ಕೈ ನಡುಕ, ಕುಗ್ಗಿದ ಅಕ್ಷರ, ಕಾಲೆಳೆದು ನಡೆಯೋದು ಇವಿಷ್ಟು ಗುರುತಿಸೋಕೆ ಅರ್ಧ ದಿನ ಹೇಳ್ಕೊಟ್ರೆ ಸಾಕು, ಆಮೇಲೆ ಬಂದೋರ ಹೆಸರು, ಕಸುಬು, ಮನೇಲಿ ಬೇರೆ ಯಾರಿಗಿತ್ತು ಅಂತ ಒಂದು ರಿಜಿಸ್ಟರ್. ಒಪ್ಪಿದೋರ ರಕ್ತದ ಸ್ಯಾಂಪಲ್ ಬೆಂಗಳೂರಿಗೆ ಕಳಿಸೋದು ಅದಾದ ಮೇಲಿನ ಮಾತು. ಇದನ್ನ ಇಲಾಖೆಗಳ ಪ್ರಗತಿ ನೋಡೋ ಕೆಡಿಪಿ ಮೀಟಿಂಗಲ್ಲಿ ಒಂದ್ಸಲ ಎತ್ತಿ, ಆರೋಗ್ಯ ಇಲಾಖೆಗೆ ನಿಮ್ಮ ಲೆಟರ್‌ಹೆಡ್ಡಲ್ಲಿ ಒಂದು ಕಾಗದ ಬರೀರಿ.

ಒಂದಿನ ಅಪ್ಪನ್ನೇ ನಿಮ್ಮ ಆಫೀಸಿಗೆ ಕರ್ಕೊಂಡು ಬರ್ತೀನಿ. ಹನ್ನೊಂದು ಗಂಟೆ ಮೇಲೆ ಟೈಮ್ ಕೊಡಿ, ಹತ್ತಕ್ಕೆ ಮಾತ್ರೆ ನುಂಗಿದ್ರೆ ಮುಕ್ಕಾಲು ಗಂಟೆಗೆ ಕಾಲು ಸಡಿಲ ಆಗ್ತವೆ, ಅದಕ್ಕಿಂತ ಮೊದಲು ನಿಮ್ಮ ಆಫೀಸ್ ಮೆಟ್ಟಿಲು ಅವರ ಕೈಲಿ ಹತ್ತೋಕಾಗಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಪಿಯು ಕಾಲೇಜ್ ಮೇಷ್ಟ್ರು