ಮಾತ್ರೆ ನಿಂತ ವಾರ, ಕೆಲವರಿಗೆ ಥ್ಯಾಂಕ್ಸ್

ಈ ವಾರ ನನ್ನ ಮಾತ್ರೆ ಪೂರ್ತಿ ನಿಂತಿತು. ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ಡಾಕ್ಟರ್ ನಿಧಾನವಾಗಿ ಡೋಸ್ ಇಳಿಸುತ್ತಾ ಬಂದು ನಿಲ್ಲಿಸಿದರು. ಹೈಸ್ಕೂಲಿನಿಂದ ನನಗೆ ಡಿಪ್ರೆಶನ್ ಇತ್ತು. ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ಗೊತ್ತಾಗುವ ಹಾಗೂ ಇರಲಿಲ್ಲ ಬಿಡಿ. ನಾನು ಅಳುತ್ತಾ ಕೂರುತ್ತಿರಲಿಲ್ಲ, ಸಿಡುಕುತ್ತಿದ್ದೆ. ಹದಿಹರೆಯದಲ್ಲಿ ಖಿನ್ನತೆ ಎಷ್ಟೋ ಸಲ ಸಿಟ್ಟಾಗಿಯೇ ಹೊರಗೆ ಬರುತ್ತದೆ. ನೋಡುವವರು ಅದನ್ನು ಕೊಬ್ಬು ಅಂದುಕೊಳ್ಳುತ್ತಾರೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳಲು ಆಗುವುದಿಲ್ಲ, ತಲೆ ಬಾಚಿಕೊಳ್ಳುವುದೂ ಬೆಟ್ಟದಷ್ಟು ಕೆಲಸ. ಕ್ಲಾಸಿನಲ್ಲಿ ಎಲ್ಲರೂ ನಕ್ಕ ಮೇಲೆ ನಾನೂ ನಗುತ್ತಿದ್ದೆ. ಗ್ರೂಪಿನಲ್ಲಿ ಏನೋ ಟೈಪ್ ಮಾಡಿ ಅಳಿಸುತ್ತಿದ್ದೆ. ರೂಮಿನಲ್ಲಿ ಒಬ್ಬಳೇ ಇದ್ದಾಗಲೂ ಅಷ್ಟು ಒಂಟಿ ಅನ್ನಿಸುತ್ತಿರಲಿಲ್ಲ. ಊಟದ ಬಿಡುವಿನಲ್ಲಿ, ಅಷ್ಟೊಂದು ಜನರ ನಡುವೆ, ತಡೆಯಲು ಆಗುತ್ತಿರಲಿಲ್ಲ.

ಬಯಾಲಜಿ ಮೇಡಂ, ನನ್ನ ಮಾರ್ಕ್ಸ್ ಬಿದ್ದಾಗ ಎಲ್ಲರೂ ಓದಿನ ಬಗ್ಗೆ ಕೇಳಿದರು. ನೀವು ನಿದ್ದೆ ಬರುತ್ತಿದೆಯಾ ಅಂತ ಕೇಳಿದಿರಿ. ಅಮ್ಮನ ಹತ್ತಿರ ಮಾತಾಡುವ ಮೊದಲು ನನ್ನನ್ನು ಒಂದು ಮಾತು ಕೇಳಿದಿರಿ. ಅದನ್ನು ಮರೆಯುವುದಿಲ್ಲ.

ನನ್ನ ಕೌನ್ಸೆಲರ್ ಮೊದಲ ದಿನವೇ ನೇರವಾಗಿ, "ಸಾಯಬೇಕು ಅನ್ನಿಸುತ್ತಾ?" ಅಂದರು. ಅಮ್ಮ ಹೆದರಿದಳು, ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಲ್ವಾ ಅಂತ. ಹಾಗೇನೂ ಆಗುವುದಿಲ್ಲ. ಹೌದು ಅಂತ ಒಬ್ಬರ ಎದುರು ಹೇಳಲು ಆಯಿತಲ್ಲ, ಅವತ್ತೇ ಎದೆ ಸ್ವಲ್ಪ ಹಗುರವಾಯಿತು. ಮನಸ್ಸು ಬರಲಿ, ಆಮೇಲೆ ಮಾಡುತ್ತೇನೆ ಅಂತ ಕಾಯಬೇಡ, ಚಿಕ್ಕದೊಂದು ಕೆಲಸ ಮಾಡು, ಮನಸ್ಸು ಹಿಂದಿನಿಂದ ಬರುತ್ತದೆ ಅನ್ನುವುದನ್ನೂ ಅವರೇ ಕಲಿಸಿದ್ದು. ಆಗ ಅದು ಸುಮ್ನೆ ಹೇಳುವ ಮಾತು ಅನ್ನಿಸಿತ್ತು. ಆದರೆ ಕೆಲಸ ಮಾಡಿತು.

ಗೆಳತಿಯೊಬ್ಬಳು ಬೆಕ್ಕಿನ ಫೋಟೋ ಕಳಿಸಿ, ಕೆಳಗೆ "ರಿಪ್ಲೈ ಬೇಡ" ಅಂತ ಬರೆಯುತ್ತಿದ್ದಳು. ನಾನೂ ಮಾಡುತ್ತಿರಲಿಲ್ಲ. ಆದರೂ ಕಳಿಸುವುದು ನಿಲ್ಲಿಸಲಿಲ್ಲ. ಥ್ಯಾಂಕ್ಸ್ ಕಣೇ.

ಮಾತ್ರೆಯ ಗುಣ ಕಾಣಲು ವಾರಗಳೇ ಬೇಕು. ಆ ವಾರಗಳಲ್ಲಿ ಅಮ್ಮ ಒಂದು ಸಲವೂ "ಇನ್ನೂ ಸರಿಹೋಗಿಲ್ವಾ?" ಅನ್ನಲಿಲ್ಲ. ನನ್ನ ರೂಮಿಗೆ ಬಟ್ಟೆ ತಂದು, ಮಡಚುತ್ತಾ ಕೂರುತ್ತಿದ್ದಳು. ಅಷ್ಟೇ.

ಮತ್ತೆ ನನ್ನ ತಮ್ಮ. ನನಗೆ ಏನಾಗಿದೆ ಅಂತ ಅವನಿಗೆ ಅರ್ಥವಾಗಿರಲಿಲ್ಲ. ಚೆಸ್ ಬೋರ್ಡ್ ತಂದು ಎದುರು ಇಟ್ಟು, ಬೇಕಂತಲೇ ಸೋಲುತ್ತಿದ್ದ. ಗೊತ್ತಾಗುತ್ತಿತ್ತು ಕಣೋ. ಇನ್ನು ಮುಂದೆ ಸರಿಯಾಗಿ ಆಡು.